ಒಂದೇ ಸಲಕ್ಕೆ 45 ಮಕ್ಕಳು ಸೇರಿ ಬರೆಯೋಕೆ ಆಗುವ ಉಚಿತ ಆನ್‌ಲೈನ್ ಟೂಲ್ ಯಾವುದು?

ಸರ್ಕಾರಿ ಪ್ರೌಢಶಾಲೆ, 45 ಮಕ್ಕಳು, ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್, ಖರ್ಚು ಮಾಡೋಕೆ ದುಡ್ಡಿಲ್ಲ, ಎಲ್ಲರೂ ಒಂದೇ ಕಡೆ ಸೇರಿ ಪ್ರಾಜೆಕ್ಟ್ ಬರೀಬೇಕು. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನಗೆ 2021ರ ಡಿಸೆಂಬರ್ ನೆನಪಾಯಿತು.

ನಾನು ಶಿರಾ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ಆ ವರ್ಷ ನವೆಂಬರ್‌ನಲ್ಲಿ ಮಳೆ ಹಿಡಿದುಕೊಂಡು ನಮ್ಮೂರ ಕೆರೆ ಕೋಡಿ ಬಿದ್ದಿತ್ತು. ಊರಿಗೆ ಊರೇ ನೋಡೋಕೆ ಹೋಗಿತ್ತು. ಲಾಕ್‌ಡೌನ್ ಮುಗಿಸಿ ಬಂದಿದ್ದ ಒಂಬತ್ತನೇ ತರಗತಿಯ ಮಕ್ಕಳು ಒಬ್ಬರ ಜೊತೆ ಒಬ್ಬರು ಮಾತಾಡೋದನ್ನೇ ಮರೆತ ಹಾಗೆ ಕೂತಿರುತ್ತಿದ್ದರು. ಕೆರೆ ತುಂಬಿದ್ದು ನೋಡಿ ಬಾಯಿ ಬಂತು. ಇದನ್ನೇ ಪ್ರಾಜೆಕ್ಟ್ ಮಾಡೋಣ ಅಂತ ‘ನಮ್ಮೂರ ಕೆರೆ’ ಅಂತ ಒಂದು ಗೂಗಲ್ ಡಾಕ್ ತೆರೆದೆ. 38 ಮಕ್ಕಳು. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು, ಮೀನು ಹಿಡಿಯುವವರು, ಕೆರೆ ಕಟ್ಟೆ ಮೇಲಿನ ದೇವಸ್ಥಾನ, ಹೀಗೆ ವಿಷಯ ಕೊಟ್ಟೆ. ಯಾರು ಯಾವುದನ್ನು ಬರೆಯಬೇಕು ಅಂತ ಮಾತ್ರ ಹೇಳಲಿಲ್ಲ. ಎಲ್ಲರೂ ಸೇರಿ ಬರೀಲಿ, ಅದೇ ಅಲ್ವಾ ಸಹಕಲಿಕೆ ಅಂದುಕೊಂಡಿದ್ದೆ.

ಅದರ ಲಿಂಕನ್ನು ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನದು, ಒಬ್ಬೊಬ್ಬರ ಇಮೇಲ್ ಕೇಳಿ ಸೇರಿಸುವ ತಾಪತ್ರಯ ಯಾಕೆ ಅಂತ ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಅನ್ನೋದನ್ನು ಆರಿಸಿದೆ. ಒಂದೇ ಒಂದು ಕ್ಲಿಕ್. ನನ್ನ ತಪ್ಪು ಶುರುವಾಗಿದ್ದು ಅಲ್ಲಿಂದ, ಆದರೆ ಪೂರ್ತಿ ತಪ್ಪು ಅದಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲ ಹತ್ತು ದಿನ ಹಬ್ಬ. ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದದ್ದು ಆರೇ ಕಂಪ್ಯೂಟರ್, ಒಂದೊಂದರ ಮುಂದೆ ಆರೇಳು ತಲೆ. ಒಂದು ಕಡೆ ಟೈಪ್ ಮಾಡಿದ ಅಕ್ಷರ ಇನ್ನೊಂದು ಕಡೆ ತಾನಾಗೇ ಮೂಡೋದು ನೋಡಿ ಕೂಗುತ್ತಿದ್ದರು. ಒಬ್ಬ ಹುಡುಗನ ತಾತ ಹಿಂದೆ ನೀರುಗಂಟಿ, ಅಂದರೆ ಕೆರೆ ನೀರನ್ನು ಗದ್ದೆಗಳಿಗೆ ಹಂಚುವವರು, ಆಗಿದ್ದವರು. ಆ ಹುಡುಗ ತಾತನ ಹತ್ತಿರ ಕೂತು ಕೇಳಿಕೊಂಡು ಬಂದಿದ್ದ: ತೂಬು ಯಾವಾಗ ಎತ್ತುತ್ತಿದ್ದರು, ಮೇಲಿನ ಗದ್ದೆಗೆ ಎಷ್ಟು ಹೊತ್ತು, ಕೆಳಗಿನ ಗದ್ದೆಗೆ ಎಷ್ಟು ಹೊತ್ತು, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಯಾರು ಎಷ್ಟು ಭತ್ತ ಅಳೆಯುತ್ತಿದ್ದರು. ಅವನಿಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ಹೇಳುತ್ತಿದ್ದ, ಒಬ್ಬಳು ಹುಡುಗಿ ಟೈಪ್ ಮಾಡುತ್ತಿದ್ದಳು. ಒಂದೂವರೆ ಪುಟ ಆಯಿತು. ಇಡೀ ಡಾಕ್‌ನಲ್ಲಿ ಅದೇ ಚೆನ್ನಾಗಿದ್ದದ್ದು.

ಅವನೇ ತರಲೆ ಕೂಡ. ಒಂದು ಸಲ ಲ್ಯಾಬಿನಲ್ಲಿ ಬೇರೆಯವರು ಬರೆದ ಸಾಲು ಅಳಿಸಿ ನಕ್ಕಿದ್ದ, ನಾನೇ ಕಣ್ಣಾರೆ ನೋಡಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಫೋನಿನಲ್ಲಿ ಡಾಕ್ ತೆರೆದರೆ ಒಂಬತ್ತು ಪುಟ ಪೂರ್ತಿ ಖಾಲಿ. ಮೇಲೆ ಏನೋ ನಾಲ್ಕು ಅಕ್ಷರ, ಅರ್ಥ ಇಲ್ಲದ್ದು. ಫೋನಿನಲ್ಲೇ ಹಿಂದೆ ಮುಂದೆ ಹುಡುಕಿದೆ, ಏನೂ ಸಿಗಲಿಲ್ಲ. ಹೋಯಿತು ಅಂದುಕೊಂಡೆ. ಶಾಲೆಗೆ ಹೋದವನೇ ಹಾಜರಿ ಕೂಡ ಹಾಕದೆ ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದೆ. ‘ನಾನಲ್ಲ ಸಾರ್’ ಅಂದ. ‘ಮತ್ತೆ ಯಾರು?’ ಅಂದೆ. 37 ಮಕ್ಕಳ ಎದುರಿಗೆ, ನಲವತ್ತು ನಿಮಿಷದ ಪೀರಿಯಡ್ ಪೂರ್ತಿ ಅವನು ನಿಂತೇ ಇದ್ದ. ಎರಡನೇ ಸಲ ‘ನಾನಲ್ಲ’ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂತ ತಿಳಿದುಕೊಂಡೆ.

ಸಂಜೆ ಅವರಪ್ಪನಿಗೆ ದೂರು ಹೇಳೋಕೆ ಫೋನ್ ಮಾಡಿದೆ. ಅವರು ಲಾರಿ ಡ್ರೈವರ್. ‘ಸಾರ್, ನಾನು ಶನಿವಾರ ಸಂಜೆ ಲೋಡ್ ಎತ್ಕೊಂಡು ಹೊರಟೆ, ಈಗ ಕೊಲ್ಹಾಪುರದ ಹತ್ರ ಇದೀನಿ. ಫೋನು ನನ್ನ ಹತ್ರಾನೇ ಇದೆ. ಮನೇಲಿ ಬೇರೆ ಫೋನ್ ಇಲ್ವಲ್ಲ ಸಾರ್’ ಅಂದರು. ಫೋನ್ ಕಿವಿಯಿಂದ ತೆಗೆಯೋಕೂ ಆಗದೆ ಹಾಗೇ ನಿಂತಿದ್ದೆ.

ಮಾರನೇ ದಿನ ಊಟದ ಹೊತ್ತಿನಲ್ಲಿ ಗಣಿತದ ಮೇಡಂ ‘ವರ್ಶನ್ ಹಿಸ್ಟರಿ ನೋಡಿದ್ರಾ?’ ಅಂತ ಕೇಳಿದರು. ಡಾಕ್‌ನ ಹಳೇ ಪ್ರತಿಗಳನ್ನು ತೋರಿಸುವ ಅಂಥದ್ದೊಂದು ಇದೆ ಅಂತಾನೇ ನನಗೆ ಗೊತ್ತಿರಲಿಲ್ಲ. ಲ್ಯಾಬ್ ಕಂಪ್ಯೂಟರಿನಲ್ಲಿ ತೆರೆದರೆ ಭಾನುವಾರ ರಾತ್ರಿ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಅಳಿಸಿದ್ದು ಕಾಣಿಸಿತು. ಯಾರು ಅಂದರೆ ‘ಎಲ್ಲ ಅನಾಮಿಕ ಬಳಕೆದಾರರು’, ಅಷ್ಟೇ. ಯಾರಿಗೆ ಬೇಕಾದರೂ ತಿದ್ದೋಕೆ ಬಿಟ್ಟ ಮೇಲೆ ಹೆಸರು ಎಲ್ಲಿಂದ ಬರಬೇಕು? ಹಿಂದಿನ ಪ್ರತಿ ಆರಿಸಿ ರಿಸ್ಟೋರ್ ಒತ್ತಿದೆ. ಒಂದು ನಿಮಿಷದೊಳಗೆ ಒಂಬತ್ತೂ ಪುಟ ವಾಪಸ್ ಬಂತು. ಒಂದು ಅಕ್ಷರ ಕೂಡ ಕಳೆದಿರಲಿಲ್ಲ.

ಮೂರು ವಾರ ಆದ ಮೇಲೆ ಇನ್ನೊಬ್ಬಳು ಹುಡುಗಿ ಅಳುತ್ತಾ ಬಂದು ಹೇಳಿದಳು. ಅವಳ ಪುಟ್ಟ ತಮ್ಮ ಫೋನ್ ಹಿಡಿದು ಆಡುತ್ತಿದ್ದವನು ಎಲ್ಲ ಸೆಲೆಕ್ಟ್ ಆಗಿದ್ದಾಗ ಏನೋ ಒತ್ತಿಬಿಟ್ಟಿದ್ದನಂತೆ. ಅವಳಿಗೆ ಸೋಮವಾರವೇ ಗೊತ್ತಿತ್ತು. ಬೆಳಿಗ್ಗೆ ಹೇಳೋಣ ಅಂತಲೇ ಬಂದಿದ್ದಳು. ನಾನು ಕಿರುಚಿದ್ದು ನೋಡಿ ಬಾಯಿ ಬಿಡಲಿಲ್ಲ.

ಈಗ ಹೇಳುತ್ತೇನೆ, ನನ್ನ ತಪ್ಪು ಯಾವುದು ಅಂತ. ಲಿಂಕ್ ತೆರೆದು ಬಿಟ್ಟಿದ್ದು ತಪ್ಪು, ಹೌದು. ವರ್ಶನ್ ಹಿಸ್ಟರಿ ಗೊತ್ತಿಲ್ಲದೆ ಮಕ್ಕಳ ಕೈಗೆ ಟೂಲ್ ಕೊಟ್ಟಿದ್ದೂ ತಪ್ಪು. ಇವೆರಡನ್ನೂ ಅರ್ಧ ಗಂಟೆಯಲ್ಲಿ ಸರಿ ಮಾಡಬಹುದು. ಯಾವ ಪುಟ ಯಾರದು ಅಂತ ಮೊದಲೇ ಹಂಚದೆ ಇದ್ದದ್ದು ನಿಜವಾದ ತಪ್ಪು. ಹಂಚಿದ್ದಿದ್ದರೆ ನೀರುಗಂಟಿಯ ಪುಟ ಆ ಹುಡುಗನದು ಅಂತ ತರಗತಿಗೆಲ್ಲಾ ಗೊತ್ತಿರುತ್ತಿತ್ತು, ನನಗೂ ಗೊತ್ತಿರುತ್ತಿತ್ತು, ತನ್ನ ತಾತನ ಮಾತನ್ನು ತಾನೇ ಯಾಕೆ ಅಳಿಸುತ್ತಾನೆ ಅಂತ ಒಂದು ಕ್ಷಣ ಯೋಚನೆ ಮಾಡುತ್ತಿದ್ದೆ. ಟೈಪ್ ಮಾಡಿದ್ದು ಆ ಹುಡುಗಿ, ಡಾಕ್‌ನಲ್ಲಿ ಯಾರ ಹೆಸರೂ ಇಲ್ಲ, ಹಾಗಾಗಿ ನನ್ನ ತಲೆಯಲ್ಲಿ ಅವನು ಬರೆದವನಾಗಿ ಉಳಿದೇ ಇರಲಿಲ್ಲ, ತರಲೆ ಮಾಡಿದವನಾಗಿ ಮಾತ್ರ ಉಳಿದಿದ್ದ. ‘ಎಲ್ಲರೂ ಸೇರಿ’ ಅಂತ ನಾನು ಖುಷಿಪಟ್ಟದ್ದರಲ್ಲಿ ಆ ಹುಡುಗನ ಕೆಲಸ ಕಾಣದ ಹಾಗಾಯಿತು.

ತರಗತಿಯ ಎದುರಿಗೇ ಅವನ ಹತ್ತಿರ ತಪ್ಪಾಯಿತು ಅಂದೆ. ‘ಪರವಾಗಿಲ್ಲ ಬಿಡಿ ಸಾರ್’ ಅಂದ. ಆದರೆ ಹತ್ತನೇ ತರಗತಿ ಮುಗಿಸುವ ತನಕ ಯಾವ ಗುಂಪಿನಲ್ಲೂ ಬಾಯಿ ಬಿಡಲಿಲ್ಲ. ಕೈ ಕಟ್ಟಿಕೊಂಡು ಕೂರುತ್ತಿದ್ದ, ಕೇಳಿದರೆ ‘ನೀವೇ ಬರೀರೋ’ ಅನ್ನುತ್ತಿದ್ದ. ಆ ಪ್ರಾಜೆಕ್ಟಿನ ಪ್ರಿಂಟ್ ಈಗಲೂ ನಮ್ಮ ಶಾಲೆಯ ಲೈಬ್ರರಿಯಲ್ಲಿದೆ. ನೀರುಗಂಟಿಯ ಪುಟದ ಮೇಲೆ ಅವನ ಹೆಸರನ್ನು ನಾನು ಆಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ.

ನಿಮ್ಮ ಪ್ರಶ್ನೆಗೆ ಬರೋಣ. 45 ಮಕ್ಕಳು ಒಟ್ಟಿಗೆ ತಿದ್ದೋಕೆ ಆಗುವ ಟೂಲ್ ಬೇಕು ಅಂದಿರಿ. ಗೂಗಲ್ ಡಾಕ್ಸ್‌ನಲ್ಲಿ ಒಂದೇ ಸಲಕ್ಕೆ ನೂರು ಜನ ತಿದ್ದಬಹುದು, ಹಾಗಾಗಿ ಅದೊಂದು ತೊಂದರೆಯೇ ಅಲ್ಲ. 45 ಮಕ್ಕಳು ಒಂದು ಕಡೆ ಬರೆಯಬೇಕು ಅನ್ನುವ ಆಸೆಯನ್ನೇ ಬಿಡಿ ಅಂತ ನನ್ನ ಮಾತು. ಅಷ್ಟು ಜನ ಸೇರಿದ ಕಡೆ ಬರೆಯೋರು ನಾಲ್ಕೇ ಜನ, ಟೈಪಿಂಗ್ ಬರುವವರು. ಉಳಿದವರು ನೋಡುತ್ತಾರೆ. ಐದೈದು ಮಕ್ಕಳ ಒಂಬತ್ತು ಗುಂಪು ಮಾಡಿ. ಒಂಬತ್ತು ಗುಂಪಿಗೆ ಒಂಬತ್ತು ಕಂಪ್ಯೂಟರ್, ನಿಮ್ಮ ಹತ್ತಿರ ಹತ್ತಿದೆ, ನೀವು ನನಗಿಂತ ಅನುಕೂಲವಾಗೇ ಇದ್ದೀರಿ.

ಈ ಮಕ್ಕಳಿಗೆ ಗುಂಪಿನ ಕೆಲಸ ಹೊಸದು ಅಂತ ಅಂದುಕೊಳ್ಳಬೇಡಿ. ನಲಿಕಲಿ ಅನ್ನುವ ಚಟುವಟಿಕೆಯ ಕಲಿಕಾ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು, ಸರ್ಕಾರಿ ಶಾಲೆಯಲ್ಲಿ ಓದಿದ ಮಗು ಒಂದರಿಂದ ಮೂರನೇ ತರಗತಿ ತನಕ ಐದು ‘ತಟ್ಟೆ’ಗಳಲ್ಲೇ, ಅಂದರೆ ಗುಂಪುಗಳಲ್ಲೇ, ಕೂತು ಕಲಿತಿರುತ್ತದೆ. ಟೀಚರ್ ಸಹಾಯದ ತಟ್ಟೆ ಯಾವುದು, ಜೊತೆಯವರ ಸಹಾಯದ ತಟ್ಟೆ ಯಾವುದು ಅಂತ ಆರು ವರ್ಷಕ್ಕೇ ಗೊತ್ತಿರುತ್ತದೆ. ಆಮೇಲೆ ನಾವೇ ಸಾಲಾಗಿ ಕೂರಿಸಿ ಮರೆಸುತ್ತೇವೆ. ನಿಮ್ಮ ಮಕ್ಕಳನ್ನೇ ಕೇಳಿ ನೋಡಿ, ನೆನಪಿಟ್ಟುಕೊಂಡಿರುವವರು ಸಿಕ್ಕೇ ಸಿಗುತ್ತಾರೆ.

ನಾನು ಈಗ ಮಾಡೋದು ಇಷ್ಟು. ಮೊದಲು ಹಾಳೆ. ಗುಂಪಿನ ಐದೂ ಜನ ತಮ್ಮ ಭಾಗವನ್ನು ಹಾಳೆ ಮೇಲೆ ಬರೆದು ತರದೆ ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಡಾಕ್ ತೆರೆದ ಕೂಡಲೇ ಮೇಲೆ ಒಂದು ಟೇಬಲ್: ಹೆಸರು, ಹೇಳಿದವರು, ಟೈಪ್ ಮಾಡಿದವರು. ಇದರಲ್ಲಿ ‘ಹೇಳಿದವರು’ ಅನ್ನುವ ಕಾಲಂ ದಯವಿಟ್ಟು ಬಿಡಬೇಡಿ. ಟೈಪಿಂಗ್ ಬಾರದ ಮಗುವಿನ ಕೆಲಸ ಕಾಣಿಸೋದು ಅಲ್ಲೇ. ಗುಂಪಿಗೊಂದು ಬೇರೆ ಡಾಕ್, ಶಾಲೆ ಬಿಡುವಾಗ ಎಲ್ಲ ಲಿಂಕನ್ನೂ ‘ಎಡಿಟರ್’ನಿಂದ ‘ವ್ಯೂವರ್’ಗೆ ಬದಲಾಯಿಸುತ್ತೇನೆ. ಮನೆಯಲ್ಲಿ ಅಪ್ಪ ಅಮ್ಮ ಓದಲಿ, ತಿದ್ದೋದು ಲ್ಯಾಬಿನಲ್ಲಿ ಮಾತ್ರ. ಶುಕ್ರವಾರ ಒಂದು ಪ್ರತಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಗುಂಪಿಗೆ ಕೊಡಲ್ಲ. ಒಬ್ಬೊಬ್ಬರನ್ನೂ ಕರೆದು ನಿನ್ನ ಭಾಗ ಹೇಳು, ಪಕ್ಕದವನ ಭಾಗದಲ್ಲಿ ಏನಿದೆ ಹೇಳು ಅಂತ ಎರಡು ನಿಮಿಷ ಕೇಳಿ ಕೊಡುತ್ತೇನೆ. 45 ಮಕ್ಕಳಿಗೆ ಮೂರು ಪೀರಿಯಡ್ ಹೋಗುತ್ತದೆ, ಹೋಗಲಿ.

ಇಂಟರ್ನೆಟ್ ಕೈ ಕೊಡುವ ಶಾಲೆಯಾದರೆ ಈಥರ್‌ಪ್ಯಾಡ್ ನೋಡಿ, ಅದೂ ಡಾಕ್ಸ್ ತರಹ ಸೇರಿ ಬರೆಯುವ ಟೂಲ್, ನನಗೆ ಡಾಕ್ಸ್‌ಗಿಂತ ಇದೇ ಇಷ್ಟ. ಇದನ್ನು ಮಾಡಿದ ಕಂಪನಿಯನ್ನು 2009ರಲ್ಲಿ ಗೂಗಲ್ ಕೊಂಡುಕೊಂಡಿತು, ಅದೇ ತಿಂಗಳು ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ಲ್ಯಾಬಿನ ಒಂದು ಕಂಪ್ಯೂಟರಿಗೆ ಹಾಕಿದರೆ ಉಳಿದವರು ಬ್ರೌಸರಿನಲ್ಲಿ ಅದರ ಐಪಿ ವಿಳಾಸ, ಕೊನೆಗೆ ಕೋಲನ್ ಇಟ್ಟು 9001 ಅಂತ ಹೊಡೆದರೆ ಸಾಕು, ಇಂಟರ್ನೆಟ್ ಇಲ್ಲದೆ, ಕಂಪ್ಯೂಟರ್‌ಗಳನ್ನು ಜೋಡಿಸಿದ ಲ್ಯಾನ್ ಕೇಬಲ್‌ನಲ್ಲೇ ನಡೆಯುತ್ತದೆ. ಲಾಗಿನ್ ಬೇಡ, ಇಮೇಲ್ ಬೇಡ. ಬರೆಯುವವರು ಹೆಸರು ಹಾಕಿಕೊಳ್ಳುತ್ತಾರೆ, ಒಬ್ಬೊಬ್ಬರ ಅಕ್ಷರದ ಹಿಂದೆ ಒಂದೊಂದು ಬಣ್ಣ. ಬರೆದದ್ದೆಲ್ಲಾ ಮೊದಲಿಂದ ಹೇಗೆ ಬೆಳೆಯಿತು ಅಂತ ಸಿನಿಮಾ ತರಹ ಓಡಿಸಿ ನೋಡಬಹುದು. ಅದನ್ನು ಮಕ್ಕಳಿಗೇ ತೋರಿಸಿ, ಕಣ್ಣು ಮಿಟುಕಿಸದೆ ನೋಡುತ್ತಾರೆ. ಹಾಕೋದು ಸ್ವಲ್ಪ ಕಷ್ಟ, ಲಿನಕ್ಸ್ ಗೊತ್ತಿರುವವರು ಯಾರಾದರೂ ಒಂದು ಮಧ್ಯಾಹ್ನ ಕೂತರೆ ಆಗುತ್ತದೆ.

ಎಲ್ಲರೂ ಚೀಟಿ ಅಂಟಿಸುವ ಬೋರ್ಡ್ ತರಹದ ಪ್ಯಾಡ್‌ಲೆಟ್ ಚೆಂದ, ಆದರೆ ಪುಕ್ಕಟೆ ಖಾತೆಯಲ್ಲಿ ಬೋರ್ಡ್‌ಗಳಿಗೆ ಮಿತಿ ಇದೆ. ಕಹೂಟ್ ಕ್ವಿಜ್ ಸ್ಪರ್ಧೆ, ಸೇರಿ ಕಲಿಯೋದಕ್ಕೆ ಆಗಲ್ಲ. ಜಾಮ್‌ಬೋರ್ಡ್ ಅಂತ ಯಾರಾದರೂ ಹೇಳಿದರೆ, ಗೂಗಲ್‌ನ ಆ ವೈಟ್‌ಬೋರ್ಡ್ 2024ರ ಕೊನೆಗೆ ಮುಚ್ಚಿಹೋಯಿತು. ಪುಕ್ಕಟೆ ಸಿಕ್ಕಿದ್ದನ್ನು ಯಾವತ್ತು ಬೇಕಾದರೂ ನಿಲ್ಲಿಸುತ್ತಾರೆ, ಪೆನ್‌ಡ್ರೈವ್ ವಿಷಯ ಹೇಳಿದ್ದು ಅದಕ್ಕೇ.

ಇನ್ನೊಂದು ಸಣ್ಣ ವಿಷಯ, ಇದು ಎಲ್ಲರಿಗೂ ತಲೆನೋವು ಕೊಡುತ್ತದೆ. ನಾವು ಪ್ರಶ್ನೆಪತ್ರಿಕೆ ಮಾಡುವ ಹಳೇ ನುಡಿ ಫೈಲಿನಿಂದ ಕಾಪಿ ಮಾಡಿ ಡಾಕ್‌ಗೆ ಹಾಕಿದರೆ ಕನ್ನಡ ಎಲ್ಲಾ ಇಂಗ್ಲಿಷ್ ಅಕ್ಷರಗಳ ರಾಶಿ ಆಗುತ್ತದೆ. ಎಲ್ಲ ಕಡೆ ಕನ್ನಡವಾಗೇ ಉಳಿಯುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಟೈಪಿಂಗ್ ಬಾರದವರಿಗೆ ಕ್ರೋಮ್‌ನಲ್ಲಿ ಡಾಕ್ಸ್ ತೆರೆದು ಟೂಲ್ಸ್ ಮೆನುವಿನ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡ ಆರಿಸಿ ಕೊಡಿ, ಮೈಕ್ ಇದ್ದರೆ ಮಾತಾಡಿದ್ದು ಅಕ್ಷರ ಆಗುತ್ತದೆ. ತಪ್ಪು ಇರುತ್ತದೆ, ಗುಂಪೇ ಕೂತು ತಿದ್ದಲಿ. ಆ ಹುಡುಗನಿಗೆ ನಾನು ಇದನ್ನಾದರೂ ಕೊಟ್ಟಿದ್ದಿದ್ದರೆ ತಾತನ ಮಾತನ್ನು ಅವನೇ ಡಾಕ್‌ಗೆ ಹಾಕುತ್ತಿದ್ದ.

ಶುರು ಮಾಡುವ ಮುಂಚೆ ನೀವೊಬ್ಬರೇ ಲ್ಯಾಬಿನಲ್ಲಿ ಕೂತು ಒಂದು ಡಾಕ್ ಬರೆದು, ಪೂರ್ತಿ ಅಳಿಸಿ, ವಾಪಸ್ ತಂದು ನೋಡಿ. ಫೈಲ್ ಮೆನುವಿನಲ್ಲಿ ವರ್ಶನ್ ಹಿಸ್ಟರಿ ಇದೆ, ಕೀಬೋರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ಎಚ್ ಒಟ್ಟಿಗೆ ಒತ್ತಿದರೂ ಬರುತ್ತದೆ. ಯಾವ ಪಾಠದ ಪ್ರಾಜೆಕ್ಟ್ ಅಂತ ನೀವು ಹೇಳಿಲ್ಲ. ಕೆಳಗೆ ಬರೆಯಿರಿ, ಐದು ಮಕ್ಕಳಿಗೆ ಕೆಲಸ ಹಂಚಿದ ಒಂದು ಟೇಬಲ್ ಮಾಡಿ ಹಾಕುತ್ತೇನೆ.