ಭೇದಿ ನಿಲ್ಲುತ್ತಿಲ್ಲ, ಇಯೊಸಿನೊಫಿಲ್ ಹೆಚ್ಚಾಗಿದೆ

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 58 ವರ್ಷ. ಪಾಂಡವಪುರದ ಬಳಿ ಭತ್ತ, ಕಬ್ಬು ಬೆಳೆಯುತ್ತಾರೆ. ಎರಡು ತಿಂಗಳಿಂದ ಹೊಟ್ಟೆನೋವು, ಭೇದಿ. ಅಮೀಬಾಕ್ಕೆಂದು ಕೊಟ್ಟ ಮಾತ್ರೆಗಳಿಂದ ಗುಣವಾಗಲಿಲ್ಲ. ರಕ್ತದಲ್ಲಿ ಒಟ್ಟು ಬಿಳಿ ರಕ್ತಕಣ 11,000, ಅದರಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಕಣ ಶೇ. 18 ಇದೆ. ಒಮ್ಮೆ ಮಲ ಪರೀಕ್ಷೆ ಮಾಡಿಸಿದಾಗ ಹುಳು ಕಾಣಲಿಲ್ಲ. ಇದು ಅಲರ್ಜಿಯೆಂದು ಪರಿಚಿತರೊಬ್ಬರು ಸ್ಟೀರಾಯ್ಡ್ ಮಾತ್ರೆ ಕೊಡಿಸಲು ಹೇಳುತ್ತಿದ್ದಾರೆ. ಕೊಡಬಹುದೇ?
— ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಸದ್ಯಕ್ಕೆ ಖಂಡಿತ ಕೊಡಬೇಡಿ. ನೀವು ಬರೆದ ಅಂಕಿಗಳ ಪ್ರಕಾರ ಇಯೊಸಿನೊಫಿಲ್ ಸಂಖ್ಯೆ ಸುಮಾರು 1,980 ಆಗುತ್ತದೆ. ಸಾಮಾನ್ಯವಾಗಿ ಅದು 500ರ ಒಳಗಿರಬೇಕು. ಅಮೀಬಾದಿಂದಾಗುವ ಭೇದಿಯಲ್ಲಿ ಈ ಕಣಗಳು ಸಾಧಾರಣವಾಗಿ ಏರುವುದಿಲ್ಲವಾದ್ದರಿಂದ ಆ ಮಾತ್ರೆಗಳು ಫಲ ಕೊಡದಿದ್ದುದು ಆಶ್ಚರ್ಯವಲ್ಲ.

ಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರಲ್ಲಿ ಈ ಕಣಗಳು ಏರಿದರೆ ಮೊದಲು ಯೋಚಿಸಬೇಕಾದದ್ದು ಹುಳುಗಳ ಬಗ್ಗೆ. ಕೊಕ್ಕೆಹುಳುವಿನ ಮರಿಗಳಂತೆ ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳುವಿನ ಮರಿಗಳೂ ಪಾದದ ಚರ್ಮದ ಮೂಲಕವೇ ದೇಹವನ್ನು ಸೇರುತ್ತವೆ. ಎರಡನೆಯದು ಕರುಳಿನಲ್ಲಿದ್ದುಕೊಂಡೇ ಮತ್ತೆ ಮತ್ತೆ ಸೋಂಕು ಹುಟ್ಟಿಸುವುದರಿಂದ ದಶಕಗಳ ಕಾಲ ಉಳಿಯಬಲ್ಲದು, ಮತ್ತು ಮಲದಲ್ಲಿ ಅದರ ಮರಿಗಳು ಬಿಟ್ಟುಬಿಟ್ಟು ಕಾಣಿಸುವುದರಿಂದ ಒಂದು ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಹುಳುವಿಲ್ಲವೆಂದು ತೀರ್ಮಾನಿಸಲಾಗದು. ಸ್ಟೀರಾಯ್ಡ್ ಇದಕ್ಕೆ ದಾರಿ ಮಾಡಿಕೊಟ್ಟಂತೆ: ರೋಗನಿರೋಧಕ ಶಕ್ತಿ ಕುಗ್ಗಿದ ಕೂಡಲೇ ಮರಿಗಳು ವಿಪರೀತ ಹೆಚ್ಚಿ, ಶ್ವಾಸಕೋಶ ಮತ್ತಿತರ ಅಂಗಗಳಿಗೆ ಹರಡಿ ಪ್ರಾಣಕ್ಕೇ ಅಪಾಯ ತರಬಹುದು. ಸ್ಟೀರಾಯ್ಡ್ ತೆಗೆದುಕೊಂಡ ಮೊದಲ ಕೆಲವು ದಿನ ಹೊಟ್ಟೆನೋವು ಇಳಿದು ಇಯೊಸಿನೊಫಿಲ್ ಕೂಡ ಕಡಿಮೆಯಾಗುವುದರಿಂದ ಮನೆಯವರು ಮೋಸ ಹೋಗುತ್ತಾರೆ.

ಆದ್ದರಿಂದ ಬೇರೆ ಬೇರೆ ದಿನ ಕನಿಷ್ಠ ಮೂರು ಬಾರಿ ಮಲ ಪರೀಕ್ಷೆ ಮಾಡಿಸಿ; ಸ್ಟ್ರಾಂಜಿಲಾಯ್ಡಿಸ್‌ಗೆ ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಯೂ ಇದೆ. ಹುಳುವಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ಒಂದನ್ನು ನುಂಗಿದ್ದೇವೆಂದು ಸುಮ್ಮನಾಗಬೇಡಿ, ಈ ಹುಳುವಿಗೆ ಐವರ್ಮೆಕ್ಟಿನ್ ಹೆಚ್ಚು ಪರಿಣಾಮಕಾರಿ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ.

ಹುಳುವಿಲ್ಲವೆಂದು ಖಚಿತವಾದರೆ ಇತ್ತೀಚೆಗೆ ಆರಂಭಿಸಿದ ಔಷಧಗಳ, ನಾಟಿ ಮದ್ದೂ ಸೇರಿದಂತೆ, ಪಟ್ಟಿಯನ್ನು ವೈದ್ಯರಿಗೆ ತೋರಿಸಿ; ಅವುಗಳಿಂದಲೂ ಈ ಕಣಗಳು ಏರಬಹುದು. ಕರುಳಿನ ಗೋಡೆಯಲ್ಲೇ ಇಯೊಸಿನೊಫಿಲ್ ತುಂಬಿಕೊಳ್ಳುವ ಕಾಯಿಲೆಯೂ ಉಂಟು. ಅದು ಅಲ್ಲಲ್ಲಿ ಮಾತ್ರ ಇರುವುದರಿಂದ ಎಂಡೋಸ್ಕೋಪಿಯಲ್ಲಿ ಹಲವು ಕಡೆಯಿಂದ ಬಯಾಪ್ಸಿ (ಪರೀಕ್ಷೆಗಾಗಿ ಅಂಗಾಂಶದ ಚೂರು) ತೆಗೆಯಬೇಕಾಗುತ್ತದೆ. ಸ್ಟೀರಾಯ್ಡ್ ಉಪಯುಕ್ತವಾಗುವುದು ಮುಖ್ಯವಾಗಿ ಇಂಥ ಕಾಯಿಲೆಗೇ, ಅದೂ ಹುಳುವನ್ನು ಹೊರತುಪಡಿಸಿದ ಮೇಲೆ. ಕರುಳಿನ ಉರಿಯೂತದ ದೀರ್ಘಕಾಲದ ಕಾಯಿಲೆಗಳು, ಅಪರೂಪಕ್ಕೆ ರಕ್ತದ ಕ್ಯಾನ್ಸರ್‌ಗಳೂ ಕಾರಣವಾಗಬಹುದು.

ಸಂಖ್ಯೆ 1,500 ದಾಟಿ ಹಾಗೆಯೇ ಉಳಿದರೆ ಹೃದಯಕ್ಕೆ ತೊಂದರೆಯಾಗುವ ಸಾಧ್ಯತೆ ಇರುವುದರಿಂದ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆಗಳನ್ನೂ ಕೇಳಿ. ಮಲದಲ್ಲಿ ರಕ್ತ, ಜ್ವರ, ಉಸಿರಾಟದ ತೊಂದರೆ, ಹೊಟ್ಟೆಯುಬ್ಬರ ಅಥವಾ ತೂಕ ಇಳಿಕೆ ಕಂಡರೆ ಪರೀಕ್ಷೆಗಳ ಸರದಿ ಕಾಯದೆ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದೊಯ್ಯಿರಿ. ಹೋಗುವಾಗ ಹಳೆಯ ವರದಿಗಳನ್ನೆಲ್ಲ ಜೊತೆಗಿಟ್ಟುಕೊಳ್ಳಿ. ಇಯೊಸಿನೊಫಿಲ್ ಮೊದಲ ಬಾರಿಗೆ ಯಾವಾಗ ಏರಿತೆಂಬುದು ಅದರಿಂದಲೇ ತಿಳಿಯುತ್ತದೆ.