ಶಾಲೆ ಬಿಡುವ ಹೊತ್ತಿಗೆ ಟೇಪು ಹಿಡಿದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಗರಸಭೆಗೆ ಹೊಸದಾಗಿ ಬಂದ ಕಿರಿಯ ಎಂಜಿನಿಯರ್ ನಾನು. ಶಾಲೆಗಳ ಮುಂದಿನ ರಸ್ತೆಗಳನ್ನು ನೋಡಿ ವರದಿ ಕೊಡಿ ಎಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲು ಹೊತ್ತು ಸರಿಯಾಗಿರಲಿ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಖಾಲಿ ರಸ್ತೆ ಕಾಣುತ್ತದೆ, ಅಷ್ಟೇ. ಶಾಲೆ ಬಿಡುವ ಗಂಟೆಗೆ 20 ನಿಮಿಷ ಮುಂಚೆಯೇ ಗೇಟಿನ ಎದುರು ನಿಲ್ಲಿ, ಕೊನೆಯ ವ್ಯಾನು ಹೊರಡುವ ತನಕ ಇರಿ. ಮಳೆ ಬಂದ ದಿನ ಇನ್ನೊಮ್ಮೆ ಹೋಗಿ. ನೀರು ನಿಂತ ಕಡೆಯಲ್ಲೇ ಮಕ್ಕಳು ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುವುದು.

ವೇಗ ಅಳೆಯಲು ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಸುಣ್ಣದಲ್ಲಿ 50 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆದು, ಸ್ಟಾಪ್‌ವಾಚ್ ಹಿಡಿಯಿರಿ. 180ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಸಿಗುತ್ತದೆ: 6 ಸೆಕೆಂಡಿಗೆ 30, 3.6ಕ್ಕೆ 50. ನೂರು ವಾಹನ ಅಳೆದು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, 85ನೆಯದನ್ನು ಆ ರಸ್ತೆಯ ವೇಗವೆಂದು ಹಿಡಿಯಿರಿ. ಸರಾಸರಿ ನಂಬಬೇಡಿ, ಜೋರಾಗಿ ಬರುವವನು ಅದರಲ್ಲಿ ಮರೆಯಾಗಿಬಿಡುತ್ತಾನೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐ.ಆರ್.ಸಿ.) ಲೆಕ್ಕದಲ್ಲಿ ವಾಹನ ನಿಲ್ಲಲು 40 ಕಿ.ಮೀ. ವೇಗಕ್ಕೆ 45 ಮೀಟರ್, 50ಕ್ಕೆ 60, 60ಕ್ಕೆ 80 ಮೀಟರ್ ಬೇಕು.

ಈಗ ಮಕ್ಕಳು ದಾಟುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಒಂದು ಮೀಟರ್ ಎತ್ತರದಿಂದ ರಸ್ತೆ ನೋಡಿ. ನಿಂತಾಗ ಕಾಣುತ್ತಿದ್ದ ಬೈಕು ನಿಲ್ಲಿಸಿದ ಆಟೊದ ಹಿಂದೆ ಮಾಯವಾಗಿರುತ್ತದೆ. ಒಂದನೇ ತರಗತಿಯ ಮಗುವಿಗೆ ಕಾಣುವುದು ಇಷ್ಟೇ. ಆ 45 ಅಥವಾ 60 ಮೀಟರಿನೊಳಗೆ ಏನೇನು ಅಡ್ಡ ಬರುತ್ತದೋ, ಪೆಟ್ಟಿಗೆ ಅಂಗಡಿ, ಫ್ಲೆಕ್ಸ್, ಫಲಕ ಮುಚ್ಚಿದ ಮರದ ಕೊಂಬೆ, ಎಲ್ಲವನ್ನೂ ಗೇಟಿನಿಂದ ಎಷ್ಟು ಮೀಟರ್ ದೂರ ಎಂದು ಬರೆದುಕೊಳ್ಳಿ. ವರದಿಯ ಜೀವ ಇದೇ.

ದಾಟುವ ಮಕ್ಕಳನ್ನೂ ವಾಹನಗಳನ್ನೂ ದಟ್ಟಣೆಯ ಗಂಟೆಯಲ್ಲೇ ಎಣಿಸಿ. ಜನರ ಸಂಖ್ಯೆಯನ್ನು ವಾಹನ ಸಂಖ್ಯೆಯ ವರ್ಗದಿಂದ ಗುಣಿಸಿದಾಗ, ವಿಭಜಕವಿಲ್ಲದ ರಸ್ತೆಯಲ್ಲಿ 10 ಕೋಟಿ ಮೀರಿದರೆ ಸಿಗ್ನಲ್‌ನಂಥ ನಿಯಂತ್ರಿತ ದಾಟುವಿಕೆ ಕೇಳಬಹುದು. 200 ಮಕ್ಕಳು, 800 ವಾಹನ ಎಂದರೆ 12.8 ಕೋಟಿ. ಇಡೀ ದಿನದ ಸರಾಸರಿ ಹಾಕಿದರೆ ಇದೇ ಶಾಲೆ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಪ್ರಶ್ನೆ: ನಮ್ಮ ಶಾಲೆ ಮುಂದೆ ಹಂಪ್ ಹಾಕಿಸಿದೆವು. ಕಾರುಗಳು ಜೋರಾಗಿಯೇ ಹೋಗುತ್ತವೆ, ಬೈಕಿನಲ್ಲಿ ಹಿಂದೆ ಕೂತವರು ಬೀಳುತ್ತಾರೆ. ಏನು ತಪ್ಪಾಗಿದೆ?
– ಎಸ್‌.ಡಿ.ಎಂ.ಸಿ. ಸದಸ್ಯರು, ಗದಗ ಜಿಲ್ಲೆ

ಉತ್ತರ: ಆಕಾರ ತಪ್ಪಿದೆ. ಒಂದಡಿ ಅಗಲದ ದಿಣ್ಣೆಯ ಮೇಲೆ ಕಾರು ಜೋರಾಗಿ ಹೋದಾಗ ಚಕ್ರ ಮೇಲೆದ್ದು ಇಳಿಯುವಷ್ಟರಲ್ಲಿ ಸ್ಪ್ರಿಂಗು ಆ ಪೆಟ್ಟು ನುಂಗಿಬಿಡುತ್ತದೆ. ನಿಧಾನ ಹೋಗುವವರಿಗೇ ಕುಲುಕಾಟ ಹೆಚ್ಚು. ಐ.ಆರ್.ಸಿ. ಹೇಳುವ ದುಂಡು ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ ಇರುತ್ತದೆ; ಸುಮಾರು 25 ಕಿ.ಮೀ. ವೇಗದಲ್ಲಿ ದಾಟಲೆಂದೇ ಲೆಕ್ಕ ಹಾಕಿದ ಆಕಾರ ಅದು. ಡಾಂಬರು ಹಾಕುವ ಮೊದಲೇ ಪ್ಲೈವುಡ್ಡಿನಲ್ಲಿ ಅಚ್ಚು ಮಾಡಿಸಿ. ಎರಡೂ ತುದಿ ಶೂನ್ಯ, ತುದಿಗಳಿಂದ ಸುಮಾರು 92 ಸೆಂ.ಮೀ. ಒಳಗೆ 7.5 ಸೆಂ.ಮೀ., ನಡುವೆ 10 ಬರಬೇಕು. ಕಣ್ಣಳತೆಯಲ್ಲಿ ರೋಲರ್ ಓಡಿಸಿದರೆ ಮತ್ತೆ ದಿಣ್ಣೆಯೇ ಗತಿ. ಚರಂಡಿ ಪಕ್ಕ ನೀರು ಹರಿಯಲು ಜಾಗ ಬಿಡದಿದ್ದರೆ ಅಂಚು ಕಿತ್ತುಬರುತ್ತದೆ. ಮುಂದೆ ಹಂಪ್ ಬಿಟ್ಟು ಸುತ್ತ 40 ಮಿ.ಮೀ. ಡಾಂಬರು ಎಳೆದರೆ 6 ಸೆಂ.ಮೀ. ಮಾತ್ರ ಉಳಿಯುತ್ತದೆ. ಹಾಗಾಗಿ ರಸ್ತೆ ಕೆಲಸ ಆದಾಗಲೆಲ್ಲ ಮತ್ತೆ ಅಳೆಯಿರಿ.

ಪ್ರಶ್ನೆ: ಜೀಬ್ರಾ ಪಟ್ಟೆ ಒಂದೇ ಮಳೆಗಾಲಕ್ಕೆ ಅಳಿಸಿಹೋಗುತ್ತದೆ. ಏಕೆ?
– ಓದುಗರು, ಉಡುಪಿ

ಉತ್ತರ: ಬಹುಪಾಲು ಧೂಳಿನ ಮೇಲೆ, ಇಲ್ಲವೇ ಹಸಿ ನೆಲದ ಮೇಲೆ ಬಳಿದಿರುತ್ತಾರೆ. ಬಿಸಿ ಮಾಡಿ ಹಾಕುವ ಥರ್ಮೋಪ್ಲಾಸ್ಟಿಕ್ 2.5 ಮಿ.ಮೀ. ದಪ್ಪ ಇರಬೇಕು. ಹಾಕುವಾಗ ದಾರಿಯಲ್ಲಿ ಸಣ್ಣ ತಗಡು ಇಟ್ಟು, ಅದರ ಮೇಲೆ ಬಿದ್ದ ಪದರವನ್ನು ಕ್ಯಾಲಿಪರಿನಲ್ಲಿ ಅಳೆದು ಅಳತೆ ಪುಸ್ತಕದಲ್ಲಿ ಬರೆಯಿರಿ. ಕಾಂಕ್ರೀಟ್ ರಸ್ತೆಗೆ ಪ್ರೈಮರ್ ಬೇಕೇ ಬೇಕು. ಬಿಸಿ ಇರುವಾಗಲೇ ಗಾಜಿನ ಮಣಿ ಉದುರಿಸದಿದ್ದರೆ ಪಟ್ಟೆ ರಾತ್ರಿ ಹೊಳೆಯುವುದಿಲ್ಲ; ಕತ್ತಲಾದ ಮೇಲೆ ಟಾರ್ಚು ಬಿಟ್ಟು ನೋಡಿಯೇ ಬಿಲ್ಲಿಗೆ ಸಹಿ ಹಾಕಿ.

ಪ್ರಶ್ನೆ: ಶಾಲೆ ಮುಂದಿನ ರಸ್ತೆ ಲೋಕೋಪಯೋಗಿ ಇಲಾಖೆಯದು. ನಗರಸಭೆ ಏನು ಮಾಡಬಹುದು?
– ಓದುಗರು, ತುಮಕೂರು

ಉತ್ತರ: ಚರಂಡಿ, ಫುಟ್‌ಪಾತ್, ಬೀದಿ ದೀಪದಲ್ಲಿ ನಿಮ್ಮ ಪಾಲಿಗೆ ಬಂದಿದ್ದನ್ನು ಕೂಡಲೇ ಸರಿಪಡಿಸಿ. ಉಳಿದದ್ದಕ್ಕೆ ಅವರ ಎಂಜಿನಿಯರನ್ನೂ ಸಂಚಾರ ಪೊಲೀಸರನ್ನೂ ಶಾಲೆ ಬಿಡುವ ಹೊತ್ತಿಗೇ ಕರೆಸಿ, ಜಂಟಿ ಪರಿಶೀಲನೆ ಮಾಡಿ, ಅಳತೆಗಳ ಕೆಳಗೆ ಮೂವರ ಸಹಿ ಪಡೆಯಿರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಪತ್ರದಲ್ಲಿ ಆ ಕಲಮನ್ನೂ ಅಳತೆಯನ್ನೂ ಒಟ್ಟಿಗೇ ಬರೆಯಿರಿ.