ಸೇಫ್ಟಿ ರೇಜರಿನ ಬ್ಲೇಡನ್ನು ಎಷ್ಟು ಸಲ ಬಳಸಬಹುದು?

ಎರಡೂ ಬದಿ ಅಲಗಿರುವ ಬ್ಲೇಡಾದರೆ ಸಾಮಾನ್ಯವಾಗಿ 3ರಿಂದ 7 ಶೇವ್. ಒರಟು ಗಡ್ಡದವರಿಗೆ ಮೂರಕ್ಕೇ ಮುಗಿಯಬಹುದು. ಕೂದಲು ಕತ್ತರಿಸದೆ ಜಗ್ಗಿದಂತಾದರೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಎಳೆಯಬೇಕಾದರೆ ಲೆಕ್ಕ ಬಿಟ್ಟು ಬದಲಿಸಿ.

ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಮತ್ತೆ ಅಲಗು ಹಾಳಾಗುವುದೇಕೆ? ಬರೀ ಸವೆದು ಅಲ್ಲ, ಚಕ್ಕೆ ಎದ್ದು. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆ ಅಲಗಿನ ಅಂಚು ಸಣ್ಣಗೆ ಒಡೆಯುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಇದನ್ನೇ. ನೆನೆದ ಕೂದಲು ಮೆತ್ತಗಾಗುತ್ತದೆ, ಹಾಗಾಗಿ ಮೊದಲು ಎರಡು ಮೂರು ನಿಮಿಷ ಗಡ್ಡವನ್ನು ಬಿಸಿನೀರಿನಲ್ಲಿ ನೆನೆಸಿ.

ಬ್ಲೇಡನ್ನು ಟವೆಲಿನಿಂದ ಒರೆಸಬೇಡಿ, ಅಂಚು ಕೆಡುತ್ತದೆ. ತೊಳೆದು ಕೊಡವಿದರೆ ಸಾಕು. ತುಕ್ಕಿನ ಚುಕ್ಕೆ ಕಂಡರೆ ಒಂದೇ ಸಲ ಬಳಸಿದ್ದರೂ ಎಸೆಯಿರಿ.